ಅಕ್ಕನಿಗೆ ಕೂರುವ ಜಾಗ ಬೇಕಂತೆ

ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದೆ, "ಅಕ್ಕ-ತಮ್ಮ ರಜೆಗೆ ಎಲ್ಲಿಗೆ ಹೊರಟಿದ್ದೀರಿ?" ಅಂತ. ನಾನು ಹ್ಞೂಂ ಹ್ಞೂಂ ಅಂದು ಇಟ್ಟುಬಿಟ್ಟೆ. ಯಾಕಂದ್ರೆ ಅಕ್ಕ ಅಲ್ಲೇ ಎದುರಿಗೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು, ನಾವಿಬ್ಬರೂ ಮಾತು ಬಿಟ್ಟು ಅರ್ಧ ಗಂಟೆ ಆಗಿತ್ತು, ಜಗಳಕ್ಕೆ ಕಾರಣವೇ ನೀನು ಕೇಳಿದ ಪ್ರಶ್ನೆ. ಈಗ ತೀರ್ಮಾನ ಆಗಿದೆ. ನಿನ್ನಿಂದ ಒಂದೆರಡು ಕೆಲಸವೂ ಆಗಬೇಕು, ಅದನ್ನು ಕೊನೆಗೆ ಹೇಳುತ್ತೇನೆ.

ಕಲಬುರಗಿ ಬೇಸಿಗೆ ನಿನಗೆ ಹೊಸದಲ್ಲ. ಎರಡು ವರ್ಷ ಇಲ್ಲೇ ಬೆಂದು ಹೋದವನು ನೀನು. ಏಪ್ರಿಲ್, ಮೇ ಬಂದರೆ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುವ ಊರು ಇದು. ಮನೆಗೆ ಬಂದು ಶಹಾಬಾದ್ ಪರಸಿ ಕಲ್ಲಿನ ನೆಲದ ಮೇಲೆ ಒಂದು ತಂಬಿಗೆ ನೀರು ಚೆಲ್ಲಿ ಬನಿಯನ್ನಿನಲ್ಲೇ ಅಂಗಾತ ಬೀಳುತ್ತೇನೆ. ಹತ್ತು ನಿಮಿಷ ಸ್ವರ್ಗ. ಆಮೇಲೆ ನೀರು ಆರುತ್ತೆ, ಮತ್ತೆ ಎದ್ದು ಚೆಲ್ಲಬೇಕು. ಹೀಗೆ ಚೆಲ್ಲಿಕೊಂಡು ಚೆಲ್ಲಿಕೊಂಡೇ ಜೂನ್ ಬರಬೇಕು.

ಅಕ್ಕ ಬೀದರ್ ಹತ್ತಿರ ಒಂದು ಹಳ್ಳಿ ಶಾಲೆಯಲ್ಲಿ ಟೀಚರ್. ಬೀದರ್ ಎತ್ತರದಲ್ಲಿದೆ, ನಮ್ಮಷ್ಟು ಕಾಯುವುದಿಲ್ಲ, ಆ ಜಂಬ ಅವಳಿಗೆ ಮದುವೆಯಾದಾಗಿನಿಂದಲೂ ಇದೆ. ಏಪ್ರಿಲ್ ಎರಡನೇ ವಾರಕ್ಕೆ ರಜೆ ಸಿಕ್ಕ ಕೂಡಲೇ ರೈಲು ಹತ್ತಿ ಬಂದಳು. 2017ರಲ್ಲಿ ಬೀದರ್-ಕಲಬುರಗಿ ರೈಲು ಶುರುವಾದ ಮೇಲೆ ತವರು ಹತ್ತಿರವಾಗಿದೆ ಅವಳಿಗೆ, ಬಸ್ಸಿನಲ್ಲಿ ಬರುತ್ತಿದ್ದಾಗ ಬರೀ ವಾಂತಿ. ಬಂದವಳು ಚೀಲ ಇಳಿಸುವ ಮೊದಲೇ ಹೇಳಿದಳು: "ಈ ಸಲ ನಾವಿಬ್ಬರ ಹೋಗೋಣು. ನಿನ್ನ ಹೆಂಡ್ತಿ ಮಕ್ಕಳೂ ಬ್ಯಾಡ, ನಮ್ಮವರೂ ಬ್ಯಾಡ. ಗಿಡ ಇರೋ ಕಡೆ." ನಮ್ಮ ಕಡೆ ಮರಕ್ಕೂ ಗಿಡ ಅಂತಲೇ ಅನ್ನುತ್ತೀವಿ, ನಿನಗೆ ಗೊತ್ತಲ್ವಾ. ಆಲದ ಗಿಡ, ಬೇವಿನ ಗಿಡ. ನಾವಿಬ್ಬರೇ ಕೊನೆಯ ಸಲ ಜೊತೆಯಾಗಿ ಹೋಗಿದ್ದು ಗಾಣಗಾಪುರದ ಸಂಗಮಕ್ಕೆ, ಅಪ್ಪನ ಅಸ್ಥಿ ಬಿಡೋಕೆ. ಅದನ್ನು ಪ್ರವಾಸ ಅನ್ನೋಕಾಗಲ್ಲ. ಹಾಗಾಗಿ ಇಲ್ಲ ಅನ್ನಲಿಲ್ಲ.

ಆದರೆ ಎಲ್ಲಿಗೆ? ನಾನು ಬಂಡೀಪುರ ಅಂದೆ. ಬೇಸಿಗೆಯಲ್ಲಿ ಕೆರೆಗಳು ಬತ್ತುತ್ತವೆ, ಪ್ರಾಣಿಗಳು ಇರೋ ಸ್ವಲ್ಪ ನೀರಿಗೇ ಬರುತ್ತವೆ, ಕಾಣುವ ಸಾಧ್ಯತೆ ಜಾಸ್ತಿ. ಬಸವ ಎಕ್ಸ್‌ಪ್ರೆಸ್ ಹತ್ತಿದರೆ ಇಲ್ಲಿಂದ ನೇರ ಮೈಸೂರು, ಮುಂದೆ ಬಸ್ಸು. ಎಲ್ಲ ಹೇಳಿ ಮುಗಿಸಿದ ಮೇಲೆ ಅಕ್ಕ ಕೇಳಿದಳು, "ಒಳಗ ಹೋದ ಮ್ಯಾಲೆ ಇಳೀಬಹುದಾ?" ಇಲ್ಲ, ಜೀಪಿನಿಂದ ಇಳಿಯೋ ಹಾಗಿಲ್ಲ. "ಮಾತಾಡಬಹುದಾ?" ಮೆಲ್ಲಗೆ. "ಹಂಗಾರ ನಾ ಶಾಲಿಗೇ ಹೋಗ್ತೀನಿ ತಗೋ." ಅಲ್ಲಿಗೆ ಬಂಡೀಪುರ ಮುಗೀತು.

ಕುದುರೆಮುಖ ಅಂದೆ. 1987ರಲ್ಲೇ ರಾಷ್ಟ್ರೀಯ ಉದ್ಯಾನ ಆದ ಜಾಗ, ಶೋಲಾ ಕಾಡು, ಹುಲ್ಲಿನ ಗುಡ್ಡ. ಅವಳು ಮೊಬೈಲಿನಲ್ಲಿ ಫೋಟೋ ನೋಡಿ ತುಂಬಾ ಹೊತ್ತು ಸುಮ್ನೆ ಇದ್ದಳು. ಆಮೇಲೆ ಎರಡು ತೊಡಕು ಬಂದವು. ಶಿಖರ 1,894 ಮೀಟರ್, ಅಕ್ಕನ ಮೊಣಕಾಲು ನಮ್ಮ ಮನೆಯ ಮಾಳಿಗೆ ಮೆಟ್ಟಿಲಿಗೇ ಕಟಕಟ ಅನ್ನುತ್ತೆ. ಇನ್ನೊಂದು, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಅಲ್ಲಿ ಚಾರಣ ನಿಲ್ಲಿಸುವುದುಂಟು. ಫೋಟೋದಲ್ಲಿ ಕಾಣೋ ಆ ಹಸಿರು ಮಳೆಗಾಲದ್ದು, ಮೇ ತಿಂಗಳಲ್ಲಿ ಆ ಹುಲ್ಲು ನಮ್ಮ ಜೋಳದ ಕಣಿಕೆಯ ಬಣ್ಣ. ಇದನ್ನು ಹೇಳದೆ ಫೋಟೋ ಮಾತ್ರ ತೋರಿಸೋರ ಮೇಲೆ ನನಗೆ ಸಿಟ್ಟಿದೆ.

ಊಟಿ ಹೆಸರು ಎತ್ತಿದ್ದು ಅವಳು. ಬೇಡ ಅಂದಿದ್ದು ನಾನು. 2024ರ ಮೇ 7ರಿಂದ ನೀಲಗಿರಿಗೆ ಗಾಡಿ ತಗೊಂಡು ಹೋಗೋರಿಗೆ ಇ-ಪಾಸ್ ಮಾಡಿದ್ದಾರೆ, ಮದ್ರಾಸ್ ಹೈಕೋರ್ಟ್ ಆದೇಶ. 2025ರ ಬೇಸಿಗೆಗೆ ವಾರದ ದಿನಕ್ಕೆ 6,000 ಗಾಡಿ, ವಾರಾಂತ್ಯಕ್ಕೆ 8,000 ಅಂತ ಮಿತಿಯನ್ನೂ ಹಾಕಿದರು. ಸರ್ಕಾರಿ ಬಸ್ಸಿಗೆ ಅದರ ಕಾಟ ಇಲ್ಲ, ನಿಜ. ಆದರೆ ಮಿತಿ ಹಾಕಬೇಕಾದಷ್ಟು ಜನ ಹೋಗೋ ಕಡೆ ನಾವ್ಯಾಕೆ ಹೋಗಬೇಕು? 1848ರ ಸಸ್ಯೋದ್ಯಾನ, ಚೆಂದ ಇದೆ, ಬಿಡು. ಮೇ ತಿಂಗಳಲ್ಲಿ ಅಲ್ಲಿ ಫಲಪುಷ್ಪ ಪ್ರದರ್ಶನ ಬೇರೆ, ಹೂವಿಗಿಂತ ಮುಂದಿನವರ ಬೆನ್ನೇ ಜಾಸ್ತಿ ಕಾಣುತ್ತೆ. ಇದೇ ಮಾತಿಗೆ ಜಗಳ ಆಗಿದ್ದು, ಬೆಳ್ಳುಳ್ಳಿ ಬಿಡಿಸಿದ್ದು, ನೀನು ಫೋನ್ ಮಾಡಿದ್ದು.

ಜಗಳ ಮುರಿಯಲಿ ಅಂತ ಭಾನುವಾರ ಅವಳನ್ನು ಚಿಂಚೋಳಿಗೆ ಕರೆದುಕೊಂಡು ಹೋದೆ. ನಮ್ಮ ಜಿಲ್ಲೆಯದೇ ಕಾಡು, 2011ರಲ್ಲಿ ವನ್ಯಜೀವಿ ಧಾಮ ಆಯಿತು, ಸುಮಾರು 135 ಚದರ ಕಿಲೋಮೀಟರ್. ಕಲಬುರಗಿ ಅಂದ್ರೆ ಬರೀ ತೊಗರಿ ಹೊಲ ಅಂದುಕೊಂಡಿರೋ ನಿನ್ನಂಥವರು ಒಂದು ಸಲ ನೋಡಬೇಕು. ಬೆಳಗ್ಗೆ ಐದಕ್ಕೇ ಬೈಕು ಹತ್ತಿದೆವು. ಎತ್ತಿಪೋತ ಜಲಪಾತದಲ್ಲಿ ನೀರಿರಲಿಲ್ಲ, ಇರೋಲ್ಲ ಅಂತ ಗೊತ್ತಿದ್ದೇ ಹೋಗಿದ್ದು. ತೆಲುಗಿನ ಹೆಸರು ಅದು, ಎತ್ತಿ ಸುರಿಯೋದು ಅಂತ. ಸುರಿಯೋಕೆ ಏನೂ ಇಲ್ಲದ ಬಂಡೆ ಮೇಲೆ ನೀರು ಇಳಿದ ಕಪ್ಪು ಗೆರೆ ಮಾತ್ರ ಇತ್ತು. ಅಲ್ಲಿಂದ ಚಂದ್ರಂಪಳ್ಳಿ ಜಲಾಶಯ. ಸುತ್ತ ಗುಡ್ಡ, ಎಲೆ ಉದುರಿದ ಮರಗಳು, ನಡುವೆ ನೀರು.

ನೀರಿನ ಹತ್ತಿರ ಒಂದು ಹುಣಸೆ ಮರ ಇತ್ತು. ಅಕ್ಕ ಚಪ್ಪಲಿ ಬಿಟ್ಟು, ಟವೆಲ್ ಹಾಸಿ ಕೂತಳು. ರೊಟ್ಟಿ ಗಂಟು ಬಿಚ್ಚಿದಳು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ತಿಂದಾದ ಮೇಲೆ ನಾನು "ನಡಿ, ಆ ಕಡೆ ನೋಡೋಣ" ಅಂದೆ. ಕೇಳಿಸದವಳ ಹಾಗೆ ಇದ್ದಳು. ಹುಣಸೆ ನೆರಳು ಸ್ವಲ್ಪ ಸರಿಯಿತು, ಅವಳೂ ಟವೆಲ್ ಸರಿಸಿದಳು. ಮತ್ತೆ ಸರಿಯಿತು, ಮತ್ತೆ ಸರಿಸಿದಳು. ನಾಲ್ಕು ಸಲ. ಮಾತಾಡಲಿಲ್ಲ, ಮೊಬೈಲ್ ತೆಗೆಯಲಿಲ್ಲ, ಒಂದು ಮಿಂಚುಳ್ಳಿ ಒಣ ಕೊಂಬೆ ಮೇಲೆ ಕೂತಿತ್ತು, ಅದು ನೀರಿಗೆ ಬಿದ್ದು ಎದ್ದಾಗಲೆಲ್ಲ ಬರೀ ಹುಬ್ಬು ಏರಿಸುತ್ತಿದ್ದಳು. ಹನ್ನೊಂದಕ್ಕೆ ಝಳ ಶುರುವಾಯಿತು, ಗಾಳಿ ಒಲೆ ಬಾಯಿಂದ ಬಂದ ಹಾಗೆ. ಆಗ ಒಲ್ಲದ ಮನಸ್ಸಿನಿಂದ ಎದ್ದಳು. ಬೈಕಿನಲ್ಲಿ ಹಿಂದಿನಿಂದ ಅಂದಳು, "ಇಷ್ಟ ಇದ್ರ ಸಾಕಿತ್ತು ನೋಡು. ಬಿಸಲೊಂದು ಇರಬಾರದಿತ್ತು."

ನನ್ನ ತಲೆಗೆ ಆಗ ಹೊಳೆಯಿತು, ಇಷ್ಟು ದಿನ ನಾನು ಅವಳಿಗೆ *ನೋಡುವ* ಜಾಗ ಹುಡುಕುತ್ತಿದ್ದೆ. ಅವಳಿಗೆ ಬೇಕಿದ್ದದ್ದು ಕೂರುವ ಜಾಗ. ಬೆಳಗ್ಗೆ ಐದಕ್ಕೆ ಎದ್ದು, ಡಬ್ಬಿ ಕಟ್ಟಿ, ಶಾಲೆಯಲ್ಲಿ ಐದು ಪಿರಿಯಡ್ ನಿಂತು, ಮನೆಗೆ ಬಂದು ಮತ್ತೆ ಒಲೆ ಮುಂದೆ ನಿಲ್ಲೋಳಿಗೆ ಟೂರ್ ಪ್ಲಾನ್ ಅಂತ ಇನ್ನೂ ಹತ್ತು ಜಾಗ ಓಡಿಸಿದರೆ ಅವಳು ಇನ್ನೇನು ಮಾಡ್ತಾಳೆ, ಜಗಳವೇ ಮಾಡ್ತಾಳೆ.

ಆ ಲೆಕ್ಕ ಸಿಕ್ಕ ಮೇಲೆ ಹುಡುಕೋದು ಸುಲಭ ಆಯಿತು. ಗಾಡಿ ಹೋಗಬೇಕು, ಏರುವ ಕೆಲಸ ಇರಬಾರದು, ತಂಪಿರಬೇಕು, ಮರದ ಕೆಳಗೆ ಮೂರು ತಾಸು ಕೂತರೆ ಯಾರೂ ಏಳಿಸಬಾರದು. ಕೆಮ್ಮಣ್ಣುಗುಂಡಿ! ಚಿಕ್ಕಮಗಳೂರು ಜಿಲ್ಲೆಯ ಕಾಡಿನ ನಡುವೆ 1,434 ಮೀಟರ್ ಎತ್ತರದಲ್ಲಿ ತೋಟಗಾರಿಕೆ ಇಲಾಖೆಯ ಉದ್ಯಾನ, ಗುಲಾಬಿ ತೋಟ, ಕಣಿವೆಗೆ ಮುಖ ಮಾಡಿದ ಬೆಂಚುಗಳು. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಗೆಂದು ಹೋಗುತ್ತಿದ್ದ ಬೆಟ್ಟ, ಅದಕ್ಕೇ ಕೆ.ಆರ್. ಹಿಲ್ಸ್ ಅಂತಲೂ ಕರೀತಾರೆ. ಹೆಸರು ಕೇಳಿ ಅಕ್ಕ ನಕ್ಕಳು. "ಕೆಂಪು ಮಣ್ಣ ನೋಡಾಕ ಅಷ್ಟು ದೂರ ಯಾಕ, ಬೀದರಿಗೇ ಬಾ!" ಬೀದರ್ ಪೂರ್ತಿ ಕೆಂಪು ಜಂಬಿಟ್ಟಿಗೆ ಮೇಲೇ ಕೂತಿದೆ. ಕೆಮ್ಮಣ್ಣುಗುಂಡಿಯ ಕೆಂಪು ಕಬ್ಬಿಣದ ಅದಿರಿನದು, ಭದ್ರಾವತಿ ಕಾರ್ಖಾನೆಗೆ ಒಂದು ಕಾಲಕ್ಕೆ ಅಲ್ಲಿಂದಲೇ ಅದಿರು ಹೋಗುತ್ತಿತ್ತು.

ಆಮೇಲೆ ಅವಳ ಟೀಚರ್ ಬುದ್ಧಿ ಎಚ್ಚರ ಆಯಿತು. ಹಾಲಿನ ಲೆಕ್ಕದ ಚೀಟಿ ಹಿಂದೆ ಬರೆದಳು. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತೆ. ಕಲಬುರಗಿ 454 ಮೀಟರ್, ಅದು 1,434. ವ್ಯತ್ಯಾಸ 980. ಅಂದ್ರೆ ಇಲ್ಲಿ 43 ಇದ್ದರೆ ಅಲ್ಲಿ ಹತ್ತಿರ ಹತ್ತಿರ 37. ಚೀಟಿ ನನ್ನ ಮುಖಕ್ಕೆ ಹಿಡಿದು, "37ಕ್ಕ ರೊಕ್ಕ ಖರ್ಚು ಮಾಡಬೇಕಾ?" ಅಂದಳು. ಎತ್ತರ ಒಂದೇ ಅಲ್ಲ ಮಾರಾಯ್ತಿ, ಕಾಡಿದೆ, ಮೋಡ ಇದೆ, ಪಡುವಣ ಕಡಲಿನ ಗಾಳಿ ಇದೆ, ಕಾಫಿ ಸೀಮೆಯಲ್ಲಿ ಕಾಫಿ ಹೂ ಅರಳಿಸೋ ಹೂಮಳೆ ಅಂತ ಮಾರ್ಚ್-ಏಪ್ರಿಲ್‌ನಲ್ಲೇ ಬರುತ್ತೆ, ನಮ್ಮಲ್ಲಿ ಇದ್ಯಾವುದೂ ಇಲ್ಲ ಅಂದೆ. ನಂಬಲಿಲ್ಲ. ಥರ್ಮಾಮೀಟರ್ ತರ್ತೀನಿ ಅಂದಿದ್ದಾಳೆ, ಶಾಲೆಯ ಲ್ಯಾಬಿನದು. ತಂದೇ ತರ್ತಾಳೆ.

ಹೆಬ್ಬೆ ಜಲಪಾತ ಹತ್ತಿರದಲ್ಲೇ ಇದೆ, ಜೀಪು ಬೇಕು, ಆಮೇಲೆ ಸ್ವಲ್ಪ ನಡಿಗೆ. ಅದು ನನಗೆ. ಝಡ್ ಪಾಯಿಂಟಿನ ಸೂರ್ಯೋದಯವೂ ನನಗೇ. ಅವಳು ಬೆಂಚು ಬಿಟ್ಟು ಏಳೋಲ್ಲ ಅಂತ ಮೊದಲೇ ಕರಾರು ಆಗಿದೆ, ಮುಳ್ಳಯ್ಯನಗಿರಿ ಹೆಸರನ್ನೇ ಎತ್ತಬಾರದು ಅನ್ನೋದೂ ಕರಾರಿನಲ್ಲಿದೆ.

ರೂಮಿನ ವಿಷಯದಲ್ಲಿ ನನಗೆ ಒಮ್ಮೆ ಬರೆ ಬಿದ್ದಿದೆ. ಎರಡು ವರ್ಷದ ಹಿಂದೆ ಇನ್ನೊಂದು ಗಿರಿಧಾಮದಲ್ಲಿ ಮೊಬೈಲಿನಲ್ಲಿ ಕೆರೆ ಕಾಣೋ ರೂಮು ತೋರಿಸಿ ಮುಂಗಡ ತಗೊಂಡವನು, ಹೋದ ಮೇಲೆ ಜನರೇಟರ್ ಪಕ್ಕದ ಕೋಣೆ ಕೊಟ್ಟ. ಕೆರೆ ಎಲ್ಲಪ್ಪಾ ಅಂದ್ರೆ, ಬಾತ್‌ರೂಮಿನ ಕಿಟಕಿಯಿಂದ ಕುತ್ತಿಗೆ ಹೊರಗೆ ಹಾಕಿ ನೋಡಿ ಅಂದ. ಹೆಂಡತಿ ಇವತ್ತಿಗೂ ಅದನ್ನೇ ಆಡಿಕೊಳ್ಳುತ್ತಾಳೆ. ಈ ಸಲ ತೋಟಗಾರಿಕೆ ಇಲಾಖೆಯ ಅತಿಥಿಗೃಹದಲ್ಲೇ ಕೇಳಿದ್ದೇನೆ. ಹಾಸಿಗೆ ಸ್ವಚ್ಛ ಇದ್ದು ಬಿಸಿನೀರು ಬಂದರೆ ಸಾಕು.

ಸೊಲ್ಲಾಪುರ-ಹಾಸನ ರೈಲಿಗೆ ಟಿಕೆಟ್ ಆಗಿದೆ, ರಾತ್ರಿ ಇಲ್ಲಿ ಹತ್ತಿದರೆ ಮರುದಿನ ನಿನ್ನ ಊರು. ಅಲ್ಲಿಂದ ಚಿಕ್ಕಮಗಳೂರು ಸುಮಾರು 60 ಕಿಲೋಮೀಟರ್, ಮುಂದೆ ಬೆಟ್ಟಕ್ಕೆ ಹೆಚ್ಚುಕಡಿಮೆ ಅಷ್ಟೇ. ಈಗ ನಿನ್ನ ಕೆಲಸ ಕೇಳು. ಒಂದು, ಚಿಕ್ಕಮಗಳೂರಿನಿಂದ ಮೇಲಕ್ಕೆ ಕರೆದುಕೊಂಡು ಹೋಗಿ ಎರಡು ದಿನ ಬಿಟ್ಟು ವಾಪಸ್ ಕರೆದುಕೊಂಡು ಬರೋ, ಘಾಟಿಯಲ್ಲಿ ನಿಧಾನ ಹೊಡೆಯೋ ಡ್ರೈವರ್ ಬೇಕು. ಅಕ್ಕನ ವಾಂತಿ ವಿಷಯ ಮೇಲೆ ಬರೆದಿದ್ದೇನೆ. ಎರಡು, ನನ್ನ ಹತ್ತಿರ ಸ್ವೆಟರ್ ಅನ್ನೋದೇ ಇಲ್ಲ, ಕಲಬುರಗಿಯಲ್ಲಿ ಕೊಳ್ಳೋಕೆ ಹೋದರೆ ಮೇ ತಿಂಗಳಲ್ಲಿ ಅಂಗಡಿಯವನು ನನ್ನ ಮುಖ ನೋಡ್ತಾನೆ. ನಿಂದೊಂದು ಹಳೇದು ಸ್ಟೇಷನ್ನಿಗೆ ತಂದುಬಿಡು. ಅಕ್ಕನದು ಅವಳ ಹತ್ತಿರ ಇದೆ, ಬೀದರಿನವಳಲ್ವಾ.

ರೊಟ್ಟಿ, ಶೇಂಗಾ ಹಿಂಡಿ, ಎರಡು ಕಿಲೋ ತೊಗರಿಬೇಳೆ ನಿನಗೂ ಕಟ್ಟಿದ್ದಾಳೆ. ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಮನೆಗೆ ಬನ್ನಿ ಊಟಕ್ಕೆ ಬನ್ನಿ ಅಂತ ಎಳೀಬೇಡ, ಮಧ್ಯಾಹ್ನ ಮೂರರೊಳಗೆ ಅವಳು ಆ ಬೆಂಚಿನ ಮೇಲೆ ಇರಬೇಕಂತೆ. ವಾಪಸ್ ಬರೋವಾಗ ಊಟ.

ನಿನ್ನ,
ಕಲಬುರಗಿಯ ಗೆಳೆಯ