ಹತ್ತನೇ ತರಗತಿಗೆ ಜೀವವಿಕಾಸದ ಪಾಠ ಮರಳಲಿ

ಮಾನ್ಯರೇ,

ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟದ್ದನ್ನು ಆಕ್ಷೇಪಿಸಿ 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರ ಬರೆದಿದ್ದರು. ಮುಂದೆ ಜೀವಶಾಸ್ತ್ರ ಓದುವವರಿಗೆ ಅದು ಹೇಗೂ ಸಿಗುತ್ತದೆ ಎಂಬ ಸಮಜಾಯಿಷಿಯನ್ನು ನಾನು ಒಪ್ಪಲಾರೆ. ಕಲೆ, ವಾಣಿಜ್ಯ ವಿಭಾಗಕ್ಕೆ ಹೋಗುವ ಮಕ್ಕಳ ಪಾಲಿಗೆ ಹತ್ತನೇ ತರಗತಿಯೇ ವಿಜ್ಞಾನದ ಕೊನೆಯ ಪಾಠ. ಆ ಭಾಗ ಮರಳಬೇಕು. ಮರಳುವಾಗ ಪಳೆಯುಳಿಕೆಗಳ ಜೊತೆಗೆ ನಮ್ಮ ಡಿಎನ್‌ಎಯಲ್ಲೇ ಉಳಿದಿರುವ ಪುರಾತನ ವೈರಸ್‌ಗಳ ವಿಚಾರವೂ ಅದರಲ್ಲಿ ಇರಬೇಕು.

ಮಾನವ ಜೀನೋಮಿನ, ಅಂದರೆ ನಮ್ಮ ಇಡೀ ಡಿಎನ್‌ಎಯ, ಸುಮಾರು ಶೇ 8ರಷ್ಟು ಭಾಗ ರೆಟ್ರೋವೈರಸ್‌ಗಳ ಅವಶೇಷ. ನಮ್ಮ ಪ್ರೋಟೀನುಗಳನ್ನು ರೂಪಿಸುವ ಭಾಗವಾದರೋ ಶೇ 2ರಷ್ಟೂ ಇಲ್ಲ. ಎಚ್‌ಐವಿಯಂಥ ಈ ವೈರಸ್‌ಗಳು ತಮ್ಮ ಆನುವಂಶಿಕ ಮಾಹಿತಿ ಹೊತ್ತ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಬದಲಿಸಿ, ಸೋಂಕಿತ ಜೀವಕೋಶದ ಡಿಎನ್‌ಎಯೊಳಗೆ ಸೇರಿಸಿಬಿಡುತ್ತವೆ. ಅಂಡಾಣು ಅಥವಾ ವೀರ್ಯಾಣುವಾಗುವ ಕೋಶದಲ್ಲಿ ಹೀಗಾದರೆ ಆ ತುಣುಕು ತಲೆಮಾರಿನಿಂದ ತಲೆಮಾರಿಗೆ ಸಾಗುತ್ತದೆ. ಆಸ್ಟ್ರೇಲಿಯಾದ ಕೊವಾಲಗಳಲ್ಲಿ ಇದು ಈಗಲೂ ನಡೆಯುತ್ತಿದೆ.

ಕೋಟ್ಯಂತರ ಅಕ್ಷರಗಳಷ್ಟು ಉದ್ದದ ಜೀನೋಮಿನಲ್ಲಿ ವೈರಸ್ ಎಲ್ಲಿ ಹೋಗಿ ಸೇರುತ್ತದೆಂದು ಮೊದಲೇ ಹೇಳಲಾಗದು. ಹಾಗಿದ್ದೂ ನಮ್ಮಲ್ಲಿರುವ ಇಂಥ ತುಣುಕುಗಳ ಪೈಕಿ ಬಹುಪಾಲು ಚಿಂಪಾಂಜಿಯ ಜೀನೋಮಿನಲ್ಲೂ ಅದೇ ಜಾಗದಲ್ಲಿವೆ. ಎರಡೂ ಜೀವಿಗಳಿಗೆ ಅವು ಒಬ್ಬನೇ ಪೂರ್ವಜನಿಂದ ಬಂದವು ಎನ್ನುವುದನ್ನು ಬಿಟ್ಟರೆ ಇದಕ್ಕೆ ಒಪ್ಪುವಂಥ ಬೇರೆ ವಿವರಣೆಯಿಲ್ಲ. ಇಷ್ಟು ನೇರವಾದ ಸಾಕ್ಷ್ಯವನ್ನು ಹದಿನೈದರ ಹರೆಯದ ಮಕ್ಕಳು ಖಂಡಿತ ಗ್ರಹಿಸಬಲ್ಲರು.

ಈ ಅವಶೇಷಗಳಲ್ಲಿ ಹೆಚ್ಚಿನವು ಕೆಟ್ಟು ನಿಷ್ಕ್ರಿಯವಾಗಿವೆ. ಕೆಲವು ಮಾತ್ರ ದೇಹದ ಕೆಲಸಕ್ಕೆ ಒದಗಿವೆ. ಗರ್ಭದಲ್ಲಿರುವ ಶಿಶುವಿಗೆ ತಾಯಿಯ ರಕ್ತದಿಂದ ಪೋಷಣೆ ಒದಗಿಸುವ ಜರಾಯುವಿನ ಹೊರಪದರದಲ್ಲಿ ಜೀವಕೋಶಗಳು ಗಡಿ ಅಳಿಸಿಕೊಂಡು ಒಂದೇ ಹಾಳೆಯಾಗಿ ಬೆಸೆದುಕೊಳ್ಳುತ್ತವೆ. ಹಾಗೆ ಬೆಸೆಯುವ ಸಿನ್ಸಿಟಿನ್ ಎಂಬ ಪ್ರೋಟೀನು, ವೈರಸ್ಸು ಹಿಂದೆ ಜೀವಕೋಶದೊಳಗೆ ನುಗ್ಗಲು ಬಳಸುತ್ತಿದ್ದ ಹೊರಕವಚದ ಪ್ರೋಟೀನೇ ಎಂಬುದು 2000ದಲ್ಲಿ ಪ್ರಕಟವಾಯಿತು. ಇಲಿಗಳಲ್ಲಿ ಇದೇ ಕೆಲಸದ ಜೀನ್ ಬಂದದ್ದು ಬೇರೊಂದು ವೈರಸ್‌ನಿಂದ. ಅದನ್ನು ತೆಗೆದುಹಾಕಿದಾಗ ಭ್ರೂಣಗಳು ಗರ್ಭದಲ್ಲೇ ಸತ್ತವು.

ಪಠ್ಯ ರಚಿಸುವವರು ಇದಕ್ಕೆ ಎರಡು ಪುಟ ಕೊಟ್ಟರೂ ಸಾಕು. ಮನುಷ್ಯನ ಮತ್ತು ಚಿಂಪಾಂಜಿಯ ಡಿಎನ್‌ಎಯ ಒಂದೊಂದು ತುಣುಕನ್ನು ಮೇಲೆ ಕೆಳಗೆ ಮುದ್ರಿಸಿ, ವೈರಸ್ ಇರುವ ಜಾಗವನ್ನು ಗುರುತಿಸುವ ಕೆಲಸವನ್ನು ಮಕ್ಕಳಿಗೇ ಬಿಡಲಿ.

– ಜೀವಶಾಸ್ತ್ರ ಉಪನ್ಯಾಸಕಿ, ಶಿವಮೊಗ್ಗ