ಬಿಸಿಲು ಊರಿನದು, ಕರೆಂಟಿನಲ್ಲೂ ಊರಿಗೆ ಪಾಲಿರಲಿ

ಮಾನ್ಯ ಸಂಪಾದಕರೇ,

ಪಾವಗಡದ ಸೋಲಾರ್ ಪಾರ್ಕ್ ಮಾತು ಬಂದಾಗಲೆಲ್ಲ 2,050 ಮೆಗಾವಾಟ್, 13 ಸಾವಿರ ಎಕರೆ ಅಂತ ದೊಡ್ಡ ದೊಡ್ಡ ಲೆಕ್ಕ ಕೇಳುತ್ತೇವೆ. ಬರದ ತಾಲ್ಲೂಕಿಗೆ ಅದರಿಂದ ಒಳ್ಳೆಯದಾಗಿದೆ, ಇಲ್ಲ ಅನ್ನುವುದಿಲ್ಲ. ಜಮೀನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಕಡಲೆಕಾಯಿ ಬಿತ್ತಿ ಮುಗಿಲು ನೋಡುತ್ತಾ ಕೂರುತ್ತಿದ್ದ ರೈತನಿಗೆ ಇದು ಖಾತ್ರಿ ದುಡ್ಡು.

ಆದರೆ ಜಮೀನೇ ಇಲ್ಲದವರು? ತಿರುಮಣಿ, ವಳ್ಳೂರು ಕಡೆ ಬೇರೆಯವರ ಹೊಲದಲ್ಲಿ ಕಳೆ ಕಿತ್ತು, ಕುರಿ ಮೇಯಿಸಿ ಬದುಕುತ್ತಿದ್ದವರಿಗೆ ಕೂಲಿಯೂ ಹೋಯಿತು, ಮೇವಿನ ಜಾಗವೂ ಹೋಯಿತು. ಗುತ್ತಿಗೆ ಹಣದಲ್ಲಿ ಅವರಿಗೆ ಬಿಡಿಗಾಸಿಲ್ಲ. ಕೆಲವರಿಗೆ ಪ್ಯಾನೆಲ್ ತೊಳೆಯುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸ ಸಿಕ್ಕಿತು, ಅಷ್ಟೇ. ಕರೆಂಟು ಮಾರಿದ ಲಾಭ ಕಂಪನಿಗಳಿಗೆ ಹೋಗುತ್ತದೆ. ಊರು ಜಾಗ ಕೊಟ್ಟು ಸುಮ್ನೆ ನೋಡುತ್ತಾ ನಿಂತಿದೆ.

ಊರೇ ಯಾಕೆ ಮಾಲೀಕ ಆಗಬಾರದು? ಹಳ್ಳಿಯವರಿಗೆ ಇದೆಲ್ಲ ಆಗದ ಕೆಲಸ ಅನ್ನುವವರು ಇದೇ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮವನ್ನು ನೆನಪು ಮಾಡಿಕೊಳ್ಳಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ ಮತ್ತು ಅವರ ಜೊತೆಗಾರರು ಅಲ್ಲಿ ಊರಿಗೆಲ್ಲ ಸೇರಿ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದ್ದರು. ಮೊದಲು ಅಡುಗೆಗೆ ಗ್ಯಾಸ್ ಕೊಡಲು ಹೋದರು, ಅಷ್ಟು ಸಗಣಿ ಸಿಗಲಿಲ್ಲ, ನಿಂತುಹೋಯಿತು. ಆಮೇಲೆ ಊರಿನವರಿಗೆ ತುರ್ತಾಗಿ ಬೇಕಿದ್ದದ್ದು ಕುಡಿಯುವ ನೀರು ಅಂತ ಗೊತ್ತಾಗಿ, 1987ರಲ್ಲಿ ಅದೇ ಗ್ಯಾಸಿನಿಂದ ಕರೆಂಟು ಮಾಡಿ ಬೋರ್‌ವೆಲ್ ನೀರೆತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಮನೆಮನೆಯವರು ಸಗಣಿ ತರುತ್ತಿದ್ದರು, ತೂಕ ಮಾಡಿ ತಂದದ್ದಕ್ಕೆ ದುಡ್ಡು ಕೊಡುತ್ತಿದ್ದರು, ಗ್ಯಾಸ್ ತೆಗೆದ ಮೇಲೆ ಉಳಿದ ಬಗ್ಗಡ ಗೊಬ್ಬರವಾಗಿ ಅವರಿಗೇ ವಾಪಸ್. ಯಂತ್ರ ನೋಡಿಕೊಂಡವರು ಊರಿನ ಹುಡುಗರೇ. ತಮಗೆ ಬೇಕಾದದ್ದು ಸಿಕ್ಕಿದ್ದಕ್ಕೇ ಜನ ಅದನ್ನು ನಡೆಸಿದರು ಅಲ್ವಾ?

ದುಡ್ಡೆಲ್ಲಿಂದ ಅಂತ ಕೇಳುತ್ತಾರೆ. ತಮಿಳುನಾಡಿನ ಕೊಯಮತ್ತೂರು ಜಿಲ್ಲೆಯ ಓಡಂತುರೈ ಪಂಚಾಯಿತಿ 2006ರಲ್ಲಿ ತನ್ನ ಉಳಿತಾಯದ ಜೊತೆಗೆ ಬ್ಯಾಂಕ್ ಸಾಲ ಎತ್ತಿ, ಒಂದೂವರೆ ಕೋಟಿ ರೂಪಾಯಿಗೂ ಜಾಸ್ತಿ ಬೆಲೆಯ 350 ಕಿಲೋವಾಟ್ ಗಾಳಿಯಂತ್ರ ಕೊಂಡಿತು. ಅದನ್ನು ಹಾಕಿದ್ದು ಗಾಳಿ ಚೆನ್ನಾಗಿರುವ ಉಡುಮಲಪೇಟೆ ಕಡೆ. ಅದರ ಕರೆಂಟು ಪಂಚಾಯಿತಿಯ ಬೀದಿದೀಪ, ನೀರಿನ ಪಂಪಿನ ಲೆಕ್ಕಕ್ಕೆ ವಜಾ ಆಗಿ, ಮಿಕ್ಕದ್ದು ವಿದ್ಯುತ್ ಮಂಡಳಿಗೆ ಮಾರಾಟ. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿಯಲ್ಲಿ ಆರು ರೈತರು ಸೇರಿ ಸೌರ ಪಂಪಿನ ಸಹಕಾರ ಸಂಘ ಕಟ್ಟಿದರು. ನೀರೆತ್ತಿ ಮಿಕ್ಕ ಕರೆಂಟನ್ನು ಯೂನಿಟ್‌ಗೆ 4.63 ರೂಪಾಯಿಯಂತೆ 25 ವರ್ಷ ಕೊಳ್ಳಲು ವಿದ್ಯುತ್ ಕಂಪನಿ ಒಪ್ಪಂದ ಮಾಡಿಕೊಂಡಿತು. ಕರೆಂಟಿಗೆ ಬೆಲೆ ಬಂದ ಮೇಲೆ ನೀರನ್ನು ಸುಮ್ಮಸುಮ್ಮನೆ ಎತ್ತುವ ಅಗತ್ಯ ಇಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟುತ್ತಿರುವ ನಮ್ಮ ಬಯಲುಸೀಮೆಗೆ ಇದಕ್ಕಿಂತ ದೊಡ್ಡ ಲಾಭ ಇನ್ನೇನಿದೆ?

ನಮ್ಮಲ್ಲೂ ಬೆಳಗಾವಿ ಜಿಲ್ಲೆ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘ 1969ರಲ್ಲೇ ಹುಟ್ಟಿದೆ. ಕರೆಂಟು ಹಂಚುವುದನ್ನೇ ಸಹಕಾರದಲ್ಲಿ ಮಾಡಬಹುದಾದರೆ ಉತ್ಪಾದನೆ ಯಾಕಾಗದು? ರೈತರ ಸೌರ ವಿದ್ಯುತ್ತಿಗೆಂದೇ ಮಾಡಿದ ಕೇಂದ್ರದ ಕುಸುಮ್ ಯೋಜನೆಯ ಎ ವಿಭಾಗದಲ್ಲಿ 500 ಕಿಲೋವಾಟ್‌ನಿಂದ 2 ಮೆಗಾವಾಟ್‌ವರೆಗಿನ ಸ್ಥಾವರವನ್ನು ರೈತರ ಜೊತೆಗೆ ಪಂಚಾಯಿತಿ, ಸಹಕಾರ ಸಂಘಗಳೂ ಹಾಕಬಹುದು. ಆದರೆ ಹಳ್ಳಿಯಲ್ಲಿ ಇದನ್ನು ಬಿಡಿಸಿ ಹೇಳುವವರು ಕಡಿಮೆ, ಬ್ಯಾಂಕು ಕೇಳುವ ಭದ್ರತೆ ಒದಗಿಸುವವರು ಇನ್ನೂ ಕಡಿಮೆ.

ರಾಜ್ಯ ಸರ್ಕಾರಕ್ಕೆ ನನ್ನ ಮನವಿ ಇಷ್ಟೇ. ಪ್ರತಿ ತಾಲ್ಲೂಕಿನಲ್ಲಿ ಕನಿಷ್ಠ ಒಂದು ಪಂಚಾಯಿತಿ ಅಥವಾ ಸಂಘಕ್ಕೆ ಸಾಲದ ಗ್ಯಾರಂಟಿ ಕೊಟ್ಟು ಸ್ಥಾವರ ಹಾಕಿಸಲಿ. ಗೋಮಾಳ ಮುಟ್ಟಬೇಡಿ, ಅದು ಕುರಿಗಾಹಿಗಳ ಬದುಕು. ಲೆಕ್ಕಪತ್ರವನ್ನು ವರ್ಷಕ್ಕೆರಡು ಸಲ ಗ್ರಾಮಸಭೆಯಲ್ಲಿ ಓದಲಿ. ಷೇರು ಹಂಚುವಾಗ ಎಕರೆ ಲೆಕ್ಕ ಬೇಡ, ಮನೆಗೊಂದು ಷೇರು ಇರಲಿ. ಜಮೀನಿಲ್ಲದವರ ಷೇರಿನ ದುಡ್ಡನ್ನು ಮೊದಲ ವರ್ಷಗಳ ಆದಾಯದಲ್ಲೇ ಮುರಿದುಕೊಳ್ಳಬಹುದು.

– ಓದುಗ, ತುಮಕೂರು ಜಿಲ್ಲೆ