58ನೇ ಸಂಖ್ಯೆಯ ಸಿಮೊಂಚೆಲ್ಲಿ

ಮಾನ್ಯರೇ,

ಬೈಕ್ ರೇಸ್ ಸವಾರ ಮಾರ್ಕೊ ಸಿಮೊಂಚೆಲ್ಲಿ ಎಂದರೆ ಹಲವರಿಗೆ ನೆನಪಾಗುವುದು ಮಲೇಷ್ಯಾದ ಸೆಪಾಂಗ್ ಟ್ರ್ಯಾಕ್‌ನ ಅಪಘಾತ ಮಾತ್ರ. ಇದು ಬೇಸರದ ಸಂಗತಿ. 2008ರಲ್ಲಿ ಜಿಲೆರಾ ಬೈಕ್ ಓಡಿಸಿ 250 ಸಿಸಿ ವಿಶ್ವ ಚಾಂಪಿಯನ್ ಆದ ಈ ಇಟಲಿಯ ಸವಾರ, 2011ರಲ್ಲಿ ಗ್ರೆಸಿನಿ ತಂಡದ ಹೋಂಡಾದಲ್ಲಿ ಬ್ರನೊದಲ್ಲಿ ಮೂರನೇ, ಫಿಲಿಪ್ ಐಲೆಂಡ್‌ನಲ್ಲಿ ಎರಡನೇ ಸ್ಥಾನ ಪಡೆದಿದ್ದರು. ಮರುವಾರವೇ, ಅಕ್ಟೋಬರ್ 23ರಂದು, ಸೆಪಾಂಗ್‌ನಲ್ಲಿ ಎರಡನೇ ಸುತ್ತಿನ 11ನೇ ತಿರುವಿನಲ್ಲಿ ಬೈಕ್ ಜಾರಿತು. ಜಾರಿದ ಬೈಕ್ ಸಾಮಾನ್ಯವಾಗಿ ತಿರುವಿನ ಹೊರಕ್ಕೆ ಹೋಗುತ್ತದೆ. ಇಲ್ಲಿ ಟೈರ್ ಮತ್ತೆ ಹಿಡಿತ ಪಡೆದು, ಬೈಕ್ ಅವರನ್ನು ಒಳಕ್ಕೆ, ಹಿಂದೆ ಬರುತ್ತಿದ್ದವರ ದಾರಿಗೇ ಎಳೆದೊಯ್ದಿತು. ಡಿಕ್ಕಿಗೆ ಹೆಲ್ಮೆಟ್ಟೂ ಕಳಚಿತು. ತೀರಿಕೊಂಡಾಗ ವಯಸ್ಸು ಬರೀ 24.

ದುಡುಕಿನ ಸವಾರ ಎಂಬ ಹಳೆಯ ಟೀಕೆಯನ್ನು ಈ ಸಾವಿಗೆ ಅಂಟಿಸುವುದು ಅನ್ಯಾಯ. ಇಟಲಿಯ ಮಿಸಾನೊ ಟ್ರ್ಯಾಕ್‌ಗೆ ಈಗ ಅವರ ಹೆಸರಿದೆ. ತಂದೆ ಪಾವೊಲೊ ಕಟ್ಟಿದ ಸಿಕ್58 ತಂಡದಲ್ಲಿ ಕಿರಿಯ ಸವಾರರು ಬೆಳೆಯುತ್ತಿದ್ದಾರೆ.

– ಮೋಟರ್ ರೇಸಿಂಗ್ ಅಭಿಮಾನಿಗಳು, ಮೈಸೂರು